ಯಶೋದಮ್ಮ ಮತ್ತು ಮುದಿ ಸೂರ್ಯದೇವ

ಇಂದಿರಾನಗರದ ಆ ಹಳೆಯ ಬಂಗಲೆಯ ಮಹಡಿ ಕೋಣೆಗೆ ನಾನು ಬಾಡಿಗೆಗೆ ಬಂದ ದಿನ, ಮೆಟ್ಟಿಲ ಕೆಳಗೆ ಬಟ್ಟೆ ಹಿಂಡುತ್ತಿದ್ದ ಹೆಂಗಸನ್ನು "ಆಂಟಿ" ಎಂದು ಕರೆದು ಬೈಸಿಕೊಂಡೆ.

"ಯಾವ ಆಂಟಿ? ನಂಗೆ ಹೆಸ್ರಿಲ್ವಾ? ಯಶೋದಮ್ಮ ಅನ್ನು."

ಹಾವೇರಿ ಕಡೆಯ ನನಗೆ ಜೋರುಬಾಯಿಯವರನ್ನು ಕಂಡರೆ ಹೆದರಿಕೆಯಿಲ್ಲ, ಪ್ರೀತಿ. ಅಂದಿನಿಂದ ಯಶೋದಮ್ಮ ಎಂದೇ ಕರೆದೆ. ಹಾಗೆ ಕರೆದಾಗಲೆಲ್ಲ ಅವರು ಕೈಕೆಲಸ ನಿಲ್ಲಿಸಿ ಒಂದು ಕ್ಷಣ ನನ್ನನ್ನು ನೋಡುತ್ತಿದ್ದರು.

ಅವರು ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ, ಸೋಮೇಶ್ವರ ಗುಡಿಯ ಹಿಂದಿನ ಗಲ್ಲಿಯಲ್ಲಿ. ಮದುವೆಯಾದ ಮೇಲೆ ಗಂಡ "ಇವಳೇ" ಎಂದ. ಮಗ ಹುಟ್ಟಿದ ಮೇಲೆ ಊರಿಗೆಲ್ಲ ಜಗದೀಶನ ಅಮ್ಮ ಆದರು. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಅವರನ್ನು ಮೆಷಿನ್ನಿನ ನಂಬರಿನಿಂದ ಕೂಗುತ್ತಿದ್ದ. ತಾಯಿ ಒಬ್ಬಳೇ "ಯಶೋದಾ" ಎಂದು ಬಾಯ್ತುಂಬ ಕರೆಯುತ್ತಿದ್ದದ್ದು. "ಅಮ್ಮ ಹೋದ್ಮೇಲೆ ನನ್ ಹೆಸ್ರು ರೇಷನ್ ಕಾರ್ಡಲ್ಲಿ ಮಾತ್ರ ಇದೆ," ಎಂದು ನಗುತ್ತಲೇ ಹೇಳಿದ್ದರು. ನಗುವ ಮಾತೇ ಅದು?

ಅವರು ನೋಡಿಕೊಳ್ಳುತ್ತಿದ್ದದ್ದು ಮನೆಯ ಯಜಮಾನ, ನಿವೃತ್ತ ಇತಿಹಾಸ ಪ್ರೊಫೆಸರ್ ಶಿವಶಂಕರಪ್ಪನವರನ್ನು. ಪಾರ್ಶ್ವವಾಯು ಬಡಿದು ಒಂದು ಪಕ್ಕದ ಕೈಕಾಲು ಬಿದ್ದಿದ್ದವು, ತುಟಿಯ ಒಂದು ಮೂಲೆಯಿಂದ ಜೊಲ್ಲು ಸೋರುತ್ತಿತ್ತು. ನಾಲಿಗೆ ಮಾತ್ರ ನೆಟ್ಟಗಿತ್ತು, ಅದೇ ದುರದೃಷ್ಟ. "ಏ, ನೀರು." "ಏ, ಬಾಯಿ ಒರೆಸು." ಇಡೀ ದಿನ ಅದೇ. ಎದುರು ಮನೆಯ ನಾಯಿಯನ್ನು ಮಾತ್ರ ಬ್ರೂನೋ, ಬ್ರೂನೋ ಎಂದು ಮುದ್ದಾಗಿ ಕರೆಯುತ್ತಿದ್ದರು. ಈ ಮನುಷ್ಯನನ್ನು ನಾನು ಒಂದು ದಿನವೂ ಸಹಿಸಲಿಲ್ಲ.

ಯಶೋದಮ್ಮನೂ ಕಡಿಮೆಯಿರಲಿಲ್ಲ. ಕಾಫಿ ಲೋಟವನ್ನು ಟಣ್ ಎಂದು ಕುಕ್ಕುತ್ತಿದ್ದರು, ಬೆನ್ನನ್ನು ಹಂಡೆ ತಿಕ್ಕಿದ ಹಾಗೆ ತಿಕ್ಕುತ್ತಿದ್ದರು. ಇಬ್ಬರದೂ ಹಾವು ಮುಂಗುಸಿ ಸಂಸಾರ.

ಭಾನುವಾರ ಹಳೆಯ ಶಿಷ್ಯರು ಬರುತ್ತಿದ್ದರು. ಆಗ ಪ್ರೊಫೆಸರಿಗೆ ಈಜಿಪ್ಟ್ ಮೈಮೇಲೆ ಬರುತ್ತಿತ್ತು. ಒಂದು ಸಲ, ಯಶೋದಮ್ಮ ಅವರ ಕಾಲುಗುರು ಕತ್ತರಿಸುತ್ತಿದ್ದಾಗ, ಸೃಷ್ಟಿಯ ಕಥೆ ತೆಗೆದರು.

"ಮೊದಲು ಕತ್ತಲು, ನೀರು, ಅಷ್ಟೇ. ಪ್ತಾಹ್ ಎಂಬ ದೇವರು ಒಂದೊಂದನ್ನೂ ಮನಸ್ಸಿನಲ್ಲಿ ನೆನೆದ. ಆಮೇಲೆ ನಾಲಿಗೆಯಿಂದ ಹೆಸರಿಟ್ಟು ಕರೆದ. ಕರೆದದ್ದು ಹುಟ್ಟಿತು. ಕರೆಯುವವರೆಗೆ ಯಾವುದೂ ಇರಲಿಲ್ಲ."

"ಹಂಗಾದ್ರೆ ಈ ಮನೇಲಿ ನಾನಿನ್ನೂ ಹುಟ್ಟೇ ಇಲ್ಲ ಬಿಡಿ," ಎಂದರು ಯಶೋದಮ್ಮ.

ಶಿಷ್ಯರು ನಕ್ಕರು. ಪ್ರೊಫೆಸರ್ ನಗಲಿಲ್ಲ. "ಏ, ಉಗುರು ನೋಡು."

ಮುಂದಿನ ಭಾನುವಾರದ ಕಥೆ ಸೂರ್ಯದೇವ ರಾ ಮುದುಕನಾದದ್ದು. ಅವನ ಬಾಯಿಂದ ಜೊಲ್ಲು ನೆಲಕ್ಕೆ ಸುರಿಯುತ್ತಿತ್ತಂತೆ. ಐಸಿಸ್ ಎಂಬ ದೇವತೆ ಆ ಜೊಲ್ಲನ್ನು ಮಣ್ಣಿಗೆ ಕಲಸಿ ಹಾವು ಮಾಡಿ ಅವನ ದಾರಿಯಲ್ಲಿಟ್ಟಳು. ಹಾವು ಕಚ್ಚಿತು. ಬೆಂಕಿಯಲ್ಲ, ಆದರೂ ಸುಡುತ್ತಿದೆ ಎಂದು ಮುದಿದೇವರು ಅರಚಿದ. ನಿನ್ನ ಗುಟ್ಟಿನ ಹೆಸರು ಹೇಳು, ವಿಷ ಇಳಿಸುತ್ತೇನೆ ಎಂದಳು ಆಕೆ. ಬೆಳಿಗ್ಗೆ ನಾನು ಖೆಪ್ರಿ, ಮಧ್ಯಾಹ್ನ ರಾ, ಸಂಜೆ ಆತುಮ್ ಎಂದು ಲೋಕಕ್ಕೆಲ್ಲ ಗೊತ್ತಿದ್ದ ಹೆಸರುಗಳನ್ನೇ ಒಪ್ಪಿಸಿದ. ವಿಷ ಇಳಿಯಲಿಲ್ಲ. ಕೊನೆಗೆ ನಿಜವಾದ ಹೆಸರನ್ನು, ಅದರ ಜೊತೆಗೆ ತನ್ನ ಬಲವನ್ನೂ, ಕೊಡಲೇಬೇಕಾಯಿತು.

ಬಾಯಿ ಒರೆಸುತ್ತಿದ್ದ ಯಶೋದಮ್ಮನ ಕೈ ನಿಂತಿತು. "ಆ ಹೆಂಗ್ಸು ಎಷ್ಟು ವರ್ಷದಿಂದ ಆ ಮುದುಕನ ಬಾಯಿ ಒರೆಸ್ತಿದ್ಳು ಸಾರ್?"

"ಅದೆಲ್ಲ ಗ್ರಂಥದಲ್ಲಿಲ್ಲ," ಎಂದು ಪ್ರೊಫೆಸರ್ ಗದರಿದರು.

ಮಾರ್ಚ್ ಬಂದಿತ್ತು. ಡಾಕ್ಟರು ಹೇಳಿದಂತೆ ಪ್ರೊಫೆಸರನ್ನು ಬೆಳಗಿನ ಎಳೆಬಿಸಿಲಿಗೆ ಜಗುಲಿಯಲ್ಲಿ ಕೂರಿಸಿ, ಬಿಸಿಲು ಬಲಿತಾಗ ಗಾಲಿಕುರ್ಚಿಯನ್ನು ನೆರಳಿಗೆ ಎಳೆಯುವುದು ವಾಡಿಕೆ. ಅಂದು ಯಶೋದಮ್ಮ ಎಳೆಯಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ನಾನು ಮೇಲಿನ ಮೆಟ್ಟಿಲಲ್ಲಿ ಲ್ಯಾಪ್‌ಟಾಪ್ ಹಿಡಿದು ಆಫೀಸಿನ ಕೆಲಸ ಮಾಡುತ್ತಿದ್ದೆ.

"ಏ, ಬಿಸಿಲು ಜೋರಾಯ್ತು."

ಯಶೋದಮ್ಮ ಇನ್ನೊಂದು ಕಾಯಿ ಎತ್ತಿಕೊಂಡರು.

"ಏ! ಕಿವಿ ಕೇಳಲ್ವಾ?"

"ಹೆಸ್ರು ಹಿಡ್ದು ಕರೀರಿ, ಬರ್ತೀನಿ."

"ತಲೆ ಕೆಟ್ಟಿದೆಯಾ? ಸಂಬಳ ಕೊಡೋನು ನಾನು!"

"ತಗೊಳ್ಳೋಳಿಗೂ ಒಂದ್ ಹೆಸ್ರಿದೆ ಸಾರ್."

ಪ್ರೊಫೆಸರ್ ಬಾಯಿಗೆ ಬಂದಂತೆ ಬೈದರು. ಬಿಸಿಲು ಏರುತ್ತ ಹೋಗಿ ಬೋಳುತಲೆಯನ್ನು ಸುಡತೊಡಗಿತು. ನಾನು ಇಳಿದು ಹೋಗಿ ಕುರ್ಚಿ ಎಳೆಯಬಹುದಿತ್ತು. ಬೇಕೆಂದೇ ಹೋಗಲಿಲ್ಲ. ಆ ಹೆಸರು ಆ ಬಾಯಿಂದ ಬೀಳುವುದನ್ನು ನಾನೂ ಕೇಳಬೇಕಿತ್ತು.

ಕೊನೆಗೆ ಅವರ ದನಿ ತಗ್ಗಿತು. "ಲಕ್ಷ್ಮಮ್ಮ," ಎಂದರು.

"ಅಲ್ಲ."

"ಮಂಜುಳಾ."

"ಅಲ್ಲ."

"ಸರೋಜಾ... ಸಾವಿತ್ರಿ..."

ಯಶೋದಮ್ಮನ ಕೈಯಲ್ಲಿದ್ದ ಹುರುಳಿಕಾಯಿ ಹಾಗೇ ಉಳಿಯಿತು. ಅಷ್ಟು ಹೊತ್ತು ಸಿಟ್ಟಿನಿಂದ ಉರಿಯುತ್ತಿದ್ದ ಮುಖ ಒಮ್ಮೆಗೇ ಬಾಡಿತು. ಎದ್ದು ಹೋಗಿ ಕುರ್ಚಿಯನ್ನು ನೆರಳಿಗೆ ಎಳೆದರು, ನೀರು ಕುಡಿಸಿದರು, ಒದ್ದೆ ಟವೆಲ್ಲನ್ನು ತಲೆಯ ಮೇಲೆ ಹಾಕಿದರು. ಕೈ ಮೆತ್ತಗಿತ್ತು.

"ಕೊಬ್ಬು ಅನ್ಕೊಂಡಿದ್ದೆ ಸಾರ್," ಎಂದರು. "ಗೊತ್ತಿದ್ದೂ ಬೇಕಂತ್ಲೇ ಕರೀತಿಲ್ಲ ಅಂತ ದಿನಾ ಗುದ್ದಾಡ್ತಿದ್ದೆ. ನಿಮಗೆ ಗೊತ್ತೇ ಇಲ್ವಲ್ಲ! ಇಷ್ಟು ದಿನ ಯಾರ್ ಜೊತೆ ಜಗಳ ಆಡಿದ್ರಿ ನೀವು?"

"ಈಗ ಹೇಳು. ನಿನ್ನ ಹೆಸರೇನು?"

ಯಶೋದಮ್ಮ ಹೇಳಲಿಲ್ಲ. ಚೀಲ ತಗುಲಿಸಿಕೊಂಡು ಚಪ್ಪಲಿ ಮೆಟ್ಟಿದರು. "ಊಟ ಮೇಜಿನ ಮೇಲಿದೆ, ಮಾತ್ರೆ ಪಕ್ಕದಲ್ಲೇ ಇಟ್ಟಿದೀನಿ. ಯಾರಾದ್ರೂ ಬರೋವರ್ಗೂ ನೋಡ್ಕೋ ಅಂಜಲಿ," ಎಂದು ನನಗೆ ಹೇಳಿ ಗೇಟು ದಾಟಿದರು. ಅವರು ಅಳುತ್ತಿದ್ದರು. ನನಗೆ ಆ ಮುದುಕನ ಕುರ್ಚಿಯನ್ನು ಮತ್ತೆ ಬಿಸಿಲಿಗೆ ತಳ್ಳಿಬಿಡಬೇಕೆನಿಸಿತು.

ಯಶೋದಮ್ಮನ ಜಾಗಕ್ಕೆ ನಿತೀಶ್ ಎಂಬ ಹುಡುಗ ಬಂದ. ಒಳ್ಳೆಯವನೇ, ಆದರೆ ಕಿವಿಗೆ ಸದಾ ಇಯರ್‌ಫೋನ್. ಪ್ರೊಫೆಸರ್ ಎಷ್ಟು ಕೂಗಿದರೂ ಅವನಿಗೆ ಕೇಳುತ್ತಿರಲಿಲ್ಲ. ಜೊಲ್ಲು ಅಂಗಿಯ ಮೇಲೆ ಒಣಗುತ್ತಿತ್ತು, ಗಡ್ಡ ಬೆಳೆಯಿತು. ಒಂದು ದಿನ ನನ್ನನ್ನು ಕೆಳಗೆ ಕರೆಸಿದರು.

"ಅವಳಿಗೆ ಫೋನ್ ಮಾಡಿಕೊಡಮ್ಮ. ವಾಪಸ್ ಬರಲಿ."

"ಯಾರಿಗೆ ಸರ್?" ಎಂದೆ, ಗೊತ್ತಿದ್ದೇ.

ಅವರು ಫೋನಿನ ಕಡೆ ಗದ್ದ ತೋರಿಸಿದರು. ಅವರ ಮನೆಯ ಫೋನಿನಿಂದಲೇ ನಂಬರ್ ಒತ್ತಿ, ಸ್ಪೀಕರ್ ಹಾಕಿ ಕೈಗೆ ಕೊಟ್ಟೆ. ಆ ಕಡೆ ಹಲಸೂರು ಮಾರ್ಕೆಟ್ಟಿನ ಗಲಾಟೆ, ಯಾರೋ ತಮಿಳಿನಲ್ಲಿ ಟೊಮೇಟೊ ಕೂಗುತ್ತಿದ್ದರು.

"ಹಲೋ, ಯಾರು?"

"ನಾನು..." ಎಂದರು ಪ್ರೊಫೆಸರ್.

ಯಶೋದಮ್ಮನಿಗೆ ದನಿಯ ಗುರುತು ಸಿಕ್ಕಿತು. ಗಲಾಟೆ ದೂರವಾಯಿತು. ಎಲ್ಲೋ ಪಕ್ಕಕ್ಕೆ ಸರಿದು ನಿಂತಿರಬೇಕು.

"ಯಾರ್ ಬೇಕಿತ್ತು ಸಾರ್?"

ಪ್ರೊಫೆಸರ್ ಫೋನನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ಬಾಗಿದರು. "ಹೆಸರು ಹೇಳಮ್ಮ," ಎಂದು ಪಿಸುಗುಟ್ಟಿದರು, ಬೇಡುವ ದನಿಯಲ್ಲಿ. ನನ್ನಿಂದ ಎರವಲು ಪಡೆದ ಹೆಸರಿನಿಂದ ಯಶೋದಮ್ಮನನ್ನು ಕರೆಯಲು ನಾನು ಬಿಡುವವಳಲ್ಲ. ಬಾಯಿ ಬಿಗಿಹಿಡಿದು ನಿಂತೆ.

ಆ ಕಡೆ ಯಶೋದಮ್ಮ ತುಂಬ ಹೊತ್ತು ಕಾದರು. ಆಮೇಲೆ ಫೋನ್ ಇಟ್ಟರು.