ಮುಂದಾಳು ಕಾಟಪ್ಪ
ಬೆನ್ನಿಗೆ ಚೀಲ ಹೊತ್ತು ಹರಿಹರದಿಂದ ಹೊಳೆಗುಂಟ ನಾಲ್ಕು ದಿನ ನಡೆಯುವ ನಮ್ಮ ತಂಡಕ್ಕೆ ಆನೆಕೊಂಡದ ಕಾಟಪ್ಪನೇ ಮುಂದಾಳು. ಅವನ ಬಾಯಲ್ಲಿ ಸದಾ ಹವಾಮಾನ. ಮೋಡ ಕವಿದರೆ, "ಏನೂ ಆಗಲ್ಲ, ನಡೀರಿ" ಎನ್ನುತ್ತಾನೆ. ಎಲ್ಲರೂ ತೊಯ್ದು ತೊಪ್ಪೆಯಾದ ಮೇಲೆ, "ಇದು ಮಳೆಯಲ್ರಿ ಮೇಡಂ, ಬರೇ ಹನಿ" ಎಂದು ವಾದಿಸುತ್ತಾನೆ. ಮೂರನೆಯ ದಿನ ಕೆಂಪು ನೀರಿನ ಹಳ್ಳವೊಂದು ಅಡ್ಡ ಬಂತು. "ಮೊಣಕಾಲುದ್ದ ಐತೆ, ಇಳೀರಿ" ಎಂದ. ಮೊದಲು ಇಳಿದ ನಮ್ಮ ತಂಡದ ಕೃತಿಕಾಳಿಗೆ ಎರಡೇ ಹೆಜ್ಜೆಗೆ ನೀರು ಎದೆಮಟ್ಟ ಬಂದು, ಸೆಳವು ಅವಳನ್ನು ಎಳೆಯತೊಡಗಿತು. ಕಾಟಪ್ಪ ಧುಮುಕಿ, ಅವಳ ಚೀಲದ ಪಟ್ಟಿ ಹಿಡಿದು ದಡಕ್ಕೆ ತಂದ. "ನಿಮ್ಮ ಮೊಣಕಾಲು ಎಲ್ಲೈತೆ, ಕಾಟಪ್ಪಣ್ಣ?" ಎಂದು ಅವಳು ನಡುಗುತ್ತಲೇ ಚುಚ್ಚಿದಳು. ಅವನು ಎಲ್ಲರಿಗೂ ಕೇಳುವಂತೆ, "ನಂದೇ ತಪ್ಪು. ವಾಪಸ್ ಹೋಗಾಣ" ಎಂದ. ಮೂವತ್ತು ವರ್ಷ ಕಾಲೇಜಿನಲ್ಲಿ ವಿದ್ವಾಂಸರ ನಡುವೆ ದುಡಿದ ನಾನು ಅಲ್ಲಿ ಈ ಮಾತನ್ನು ಒಮ್ಮೆಯೂ ಕೇಳಿರಲಿಲ್ಲ.