ಹಾಲಿಗೆ ಹಾಕುವ ಹುಳಿ

ಈಗಲೂ ಯಾರಾದರೂ ನನ್ನೆದುರು ಚಮಚವನ್ನು ಬಾಯಿಗೆ ಒಯ್ದರೆ ನನ್ನ ಬಲಗೈ ತಾನಾಗಿ ಮೇಲೇಳುತ್ತದೆ. ಹೋದ ವಾರ ಉಡುಪಿಯಲ್ಲಿ ಪಕ್ಕದ ಮೇಜಿನ ಅಪರಿಚಿತರೊಬ್ಬರು ಐಸ್‌ಕ್ರೀಂ ತಿಂದು ಮುಗಿಸುವವರೆಗೆ ಆ ಕೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕುಳಿತಿದ್ದೆ.

ಕಾರ್ಕಳದಿಂದ ಸ್ವಲ್ಪ ಆಚೆ ಅಕ್ಕನ ಮನೆ. ಎರಡು ದನ, ಒಂಬತ್ತು ಆಡು, ಒಂದು ಹೋತ, ಹಿಂದಿನ ಗುಡ್ಡೆಯಲ್ಲಿ ಭಾವನ ರಬ್ಬರ್ ಮರಗಳು. ದನದ ಹಾಲು ಡೈರಿಗೆ ಹೋಗುತ್ತಿತ್ತು. ಆಡಿನ ಹಾಲನ್ನು ಕೇಳುವವರಿರಲಿಲ್ಲ. ಅಕ್ಕ ಫೋನಿನಲ್ಲಿ ನೋಡಿ ನೋಡಿ ಅದರಿಂದ ಚೀಸ್ ಮಾಡಲು ಕಲಿತಳು. ಹಾಲು ಬಿಸಿ ಮಾಡಿ, ವಿನೆಗರ್ ಹಾಕಿ ಒಡೆಸಿ, ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ಉಪ್ಪು ಮತ್ತು ಕಾಳುಮೆಣಸು ಸವರಿ ದುಂಡಗೆ ತಟ್ಟುತ್ತಿದ್ದಳು. ರುಚಿಯಾಗಿತ್ತು. ಆದರೆ ಊರಿನಲ್ಲಿ ಅದನ್ನು ಕೊಂಡವರು ಇಬ್ಬರೇ, ಅವರಲ್ಲಿ ಒಬ್ಬಳು ನಾನು.

ಕೊನೆಗೆ ಮಣಿಪಾಲದಲ್ಲಿ ಕೆಫೆ ನಡೆಸುವ ಒಬ್ಬರು ಭಾನುವಾರ ಬಂದು ನೋಡುತ್ತೇನೆಂದರು. ಭಾವ ಅಂದೇ ತೀರ್ಪು ಕೊಟ್ಟರು.

"ಅವರು ಬೇಕು ಅಂದರೆ ಸರಿ. ಬೇಡ ಅಂದರೆ ಸೋಮವಾರ ಉದ್ಯಾವರದ ಮಾಂಸದವರಿಗೆ ಫೋನ್ ಮಾಡುವುದೇ. ದಿನಾ ಸೊಪ್ಪು ಕಡಿದು ನನ್ನ ಸೊಂಟ ಹೋಯ್ತು ಮಾರಾಯ್ತಿ."

ಅಕ್ಕ ಕೊಟ್ಟಿಗೆಗೆ ಹೋಗಿ ಒಂಬತ್ತನ್ನೂ ಒಂದೊಂದಾಗಿ ಮುಟ್ಟಿ ಬಂದಳು.

ನಾನು ಶನಿವಾರವೇ ಹೋಗಿದ್ದೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಹೊರಗಿನವರು ಬರುವ ಮನೆಯಲ್ಲಿ ಶುಚಿತ್ವದ ಹೊಣೆ ನನ್ನದೆಂದುಕೊಂಡೆ. ಹಿಂಬದಿ ಜಗಲಿಯ ಹಲಗೆಯ ಮೇಲೆ ಒಂದೇ ತರದ ಎರಡು ಹಳೆಯ ಶರಬತ್ತು ಬಾಟಲಿಗಳಿದ್ದವು. ಒಂದರಲ್ಲಿ ಅಕ್ಕನ ವಿನೆಗರ್. ಇನ್ನೊಂದರಲ್ಲಿ ರಬ್ಬರ್ ಹಾಲನ್ನು ಗಟ್ಟಿ ಮಾಡಿ ಶೀಟ್ ತೆಗೆಯಲು ಭಾವ ಬಳಸುವ ಆಸಿಡ್. ಆ ಮನೆಯಲ್ಲಿ ಎರಡಕ್ಕೂ ಒಂದೇ ಹೆಸರು, ಹುಳಿ. ಆಸಿಡ್ ಬಾಟಲಿಯ ಕುತ್ತಿಗೆಗೆ ಒಂದು ಗಲೀಜು ಬಟ್ಟೆಯ ಚೂರು ಕಟ್ಟಿತ್ತು. ಗಲೀಜಾದ್ದರಿಂದ ಅದನ್ನು ಬಿಚ್ಚಿ ಎಸೆದೆ. ಎರಡೂ ಬಾಟಲಿಗಳನ್ನು ಒರೆಸಿ, ಅಕ್ಕನದಕ್ಕೆ ಬಿಳಿ ಚೀಟಿ ಅಂಟಿಸಿ, ಮುದ್ದಾದ ಅಕ್ಷರಗಳಲ್ಲಿ 'ಹಾಲಿಗೆ ಹಾಕುವ ಹುಳಿ' ಎಂದು ಬರೆದೆ. ಒಂದಕ್ಕೆ ಚೀಟಿಯಿದ್ದರೆ ಇನ್ನೊಂದು ಯಾವುದೆಂದು ಯಾರಿಗಾದರೂ ತಿಳಿಯುತ್ತದೆ ಎಂಬುದು ನನ್ನ ತರ್ಕವಾಗಿತ್ತು.

ಭಾನುವಾರ ಬೆಳಿಗ್ಗೆ ಭಾವ ಮರಗಳಿಂದ ರಬ್ಬರ್ ಹಾಲು ಇಳಿಸಿ ತಂದರು. ಚೀಟಿ ಓದಿದರು. ಹಾಲಿಗೆ ಹಾಕುವ ಹುಳಿ. ನಾದಿನಿಗೆ ನನ್ನ ಕೆಲಸದ ಮೇಲೂ ಗೌರವ ಉಂಟಲ್ಲ ಎಂದು ಸಂತೋಷಪಟ್ಟು ಆ ಬಾಟಲಿಯನ್ನು ಶೀಟ್ ಮಾಡುವ ಶೆಡ್ಡಿಗೆ ಒಯ್ದರಂತೆ. ಅಕ್ಕ ಕನ್ನಡಕ ಹಾಕದೆ, ಶೀತದಿಂದ ಮೂಗು ಕಟ್ಟಿಕೊಂಡು, ಹಲಗೆಯ ಮೇಲೆ ಉಳಿದಿದ್ದ ಬಾಟಲಿಯನ್ನು ತೆಗೆದುಕೊಂಡಳು. ಬಟ್ಟೆಯ ಚೂರು ಇಲ್ಲದ್ದು ತನ್ನದು ಎಂಬುದು ಅವಳ ವರ್ಷಗಳ ಲೆಕ್ಕ.

ಆ ಹೊತ್ತಿಗೆ ನಾನು ಮಣಿಪಾಲದವರಿಗೆ ಕೊಟ್ಟಿಗೆ ತೋರಿಸುತ್ತಿದ್ದೆ. ಅವರಿಗೆ ಹೋತದ ಜೊತೆ ಫೋಟೋ ಬೇಕಿತ್ತು. ನಾನು ಕೊಂಬು ಹಿಡಿದೆ, ಅವರು ಅದರ ಕುತ್ತಿಗೆ ತಬ್ಬಿದರು. ಹೋತದ ವಾಸನೆ ಒಮ್ಮೆ ಹತ್ತಿತೆಂದರೆ ಸಂಜೆಯವರೆಗೆ ಬೇರೆ ಯಾವ ವಾಸನೆಯೂ ತಿಳಿಯುವುದಿಲ್ಲ. ಹೀಗೆ ಅಕ್ಕನದೂ ಸೇರಿ ಚೀಸಿನ ಹತ್ತಿರ ಬರುವ ಮೂರು ಮೂಗುಗಳೂ ಕೆಟ್ಟವು.

ಎರಡು ಗಂಟೆ ಕಳೆದ ಮೇಲೆ ಅಕ್ಕ ತೂಗುಹಾಕಿದ ಬಟ್ಟೆಯ ಗಂಟು ಬಿಚ್ಚಿದಳು. ಅಷ್ಟು ಚಂದದ ಚೀಸ್ ಅವಳು ಎಂದೂ ಮಾಡಿರಲಿಲ್ಲ. ಬೆರಳಲ್ಲಿ ಒತ್ತಿದರೆ ಮತ್ತೆ ಮೇಲೆ ಬರುತ್ತಿತ್ತು.

"ಎಂತ ಹದ ಇದು," ಅಂದರು ಮಣಿಪಾಲದವರು. "ಇಷ್ಟು ಗಟ್ಟಿ ಹೇಗೆ ಬರಿಸ್ತೀರಿ?"

"ಅದೆಲ್ಲ ಕೈಗುಣ ಸಾರ್," ಅಂದಳು ಅಕ್ಕ, ಕೆಂಪಾಗಿ.

ಅವರು ಚಮಚದಲ್ಲಿ ಒಂದು ತುಂಡು ತೆಗೆದರು. ಅದೇ ಕ್ಷಣದಲ್ಲಿ ಶೆಡ್ಡಿನಿಂದ ಭಾವನ ದನಿ ಕೇಳಿತು.

"ಇವತ್ತು ಎಂತ ಹುಳಿ ಇಟ್ಟದ್ದು ಮಾರಾಯ್ತಿ? ರಬ್ಬರ್ ಹಾಲು ಇನ್ನೂ ನೀರಿನ ಹಾಗೇ ಉಂಟು. ಉಪ್ಪಿನಕಾಯಿಯ ಪರಿಮಳ ಬರ್ತದೆ."

ಚಮಚ ಅವರ ತುಟಿಯಿಂದ ಎರಡು ಬೆರಳಷ್ಟು ದೂರವಿತ್ತು. ಆಮೇಲಿನದನ್ನು ನಾನು ಇಂದಿಗೂ ನಿಧಾನಗತಿಯಲ್ಲಿ ನೋಡುತ್ತೇನೆ. ಆ ಆಸಿಡ್‌ನ ಪೂರ್ತಿ ಹೆಸರು, ಅದರ ಸೂತ್ರ, ಅದು ಇರುವೆಯ ಕಡಿತದಲ್ಲಿಯೂ ಇರುತ್ತದೆಂಬ ವಿಷಯ, ಎಲ್ಲವೂ ನೆನಪಾದವು. 'ತಿನ್ನಬೇಡಿ' ಎಂಬ ಒಂದು ಪದ ಮಾತ್ರ ಬಾಯಿಗೆ ಬರಲಿಲ್ಲ. ಕೈ ಎತ್ತಿ ಹೊಡೆದೆ. ಚಮಚ ಒಲೆಯ ಹಿಂದೆ ಹೋಯಿತು, ತುಂಡು ಅವರ ಅಂಗಿಯ ಜೇಬಿಗೆ ಬಿತ್ತು.

ಅಕ್ಕ ನನ್ನನ್ನು ನೋಡಿದ ನೋಟದಲ್ಲಿ ಒಂಬತ್ತು ಆಡುಗಳೂ ಇದ್ದವು.

"ಅದು ರಬ್ಬರಿನ ಆಸಿಡ್," ಅಂದೆ.

ಅವರು ಅಂಗಿಯನ್ನು ಅಲ್ಲೇ ಬಿಚ್ಚಿದರು. ಭಾವನ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕುಳಿತು ಎರಡು ಚೊಂಬು ನೀರು ಕುಡಿದರು, ಏನನ್ನೂ ತಿಂದಿರದಿದ್ದರೂ. ಅಕ್ಕ ಪಾತ್ರೆ, ಬಟ್ಟೆ, ಚೀಸ್ ಎಲ್ಲವನ್ನೂ ಗುಂಡಿ ತೋಡಿ ಹೂತಳು. ಕೈ ತೊಳೆದು ಬಂದು ಅವರೆದುರು ನಿಂತಳು.

"ಸಾರ್, ಶುಕ್ರವಾರ ಮಾಡಿದ್ದು ಒಂದು ಫ್ರಿಜ್ಜಿನಲ್ಲಿ ಉಂಟು. ಇವಳು ಬರುವ ಮೊದಲು ಮಾಡಿದ್ದು. ತಿನ್ನಿ ಅಂತ ಹೇಳ್ಲಿಕ್ಕೆ ನನಗೆ ಮುಖ ಇಲ್ಲ. ಆದರೂ ಹೇಳ್ತೇನೆ."

ಅವರು ಚೊಂಬನ್ನು ಕೆಳಗಿಟ್ಟರು. "ಮೊದಲು ನಿಮ್ಮ ಯಜಮಾನರು ತಿನ್ನಲಿ," ಅಂದರು.

ಭಾವ ಬೆವರಿದರು. ಆಡಿನ ವಾಸನೆಗೆ ಹೇಸಿ ಅವರು ಅಕ್ಕನ ಚೀಸನ್ನು ಒಮ್ಮೆಯೂ ಬಾಯಿಗೆ ಹಾಕಿರಲಿಲ್ಲವೆಂಬುದು ಆಗ ಹೊರಬಿತ್ತು.

"ನೀವು ರುಚಿಯೇ ನೋಡದೆ ಆಡುಗಳನ್ನು ಮಾಂಸದವರಿಗೆ ಮಾರ್ಲಿಕ್ಕೆ ಹೊರಟದ್ದಾ?" ಅಂದಳು ಅಕ್ಕ ಮೆಲ್ಲಗೆ.

ಭಾವ ಕಣ್ಣು ಮುಚ್ಚಿ ತಿಂದರು. ಜಗಿದರು. ಒಂದು ಕಣ್ಣು ತೆರೆದರು. ಇನ್ನೊಂದು ತುಂಡಿಗೆ ಕೈ ಚಾಚಿದರು.

"ಸಾಕು, ನಮಗೂ ಇರಲಿ," ಅಂದರು ಮಣಿಪಾಲದವರು, ಮತ್ತು ತಾವೂ ತಿಂದರು.

ವಾರಕ್ಕೆ ಆರು ಉಂಡೆ ಬೇಕೆಂದರು. ಒಂದು ಷರತ್ತು: ತರುವವರು ಭಾವನೇ ಆಗಬೇಕು, ಪ್ರತಿ ಸಲವೂ ಕೆಫೆಯ ಅಡುಗೆಮನೆಯಲ್ಲಿ ನಿಂತು ಎಲ್ಲರೆದುರು ಮೊದಲ ತುಂಡು ತಿನ್ನಬೇಕು. ಭಾವ ಈಗ ಶನಿವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸ್ಕೂಟರಿನಲ್ಲಿ ಮಣಿಪಾಲಕ್ಕೆ ಹೋಗುತ್ತಾರೆ. ಉಪ್ಪು ಹೆಚ್ಚಾಗಿದೆ, ಮೆಣಸು ಕಡಿಮೆಯಾಗಿದೆ ಎಂದು ಅಕ್ಕನಿಗೆ ಹೇಳುವಷ್ಟು ಪರಿಣತರಾಗಿದ್ದಾರೆ. ಒಂದೆರಡು ಬಾರಿ ನಾನೂ ಜೊತೆಗೆ ಹೋದೆ. ಅವರು ನುಂಗುವವರೆಗೆ ನಾನು ಉಸಿರು ಬಿಡುವುದಿಲ್ಲ. ಸೊಪ್ಪಿಗೆ ಮಾತ್ರ ಇನ್ನೂ ಗೊಣಗುತ್ತಾರೆ, ಗೊಣಗುತ್ತಲೇ ಕಡಿದು ತರುತ್ತಾರೆ.