ತಿಮಿಂಗಿಲಕ್ಕೆ ಬ್ಯಾಡಗಿ ಮೆಣಸಿನಕಾಯಿ

ಆ ಕಾಲದಲ್ಲಿ ಮಾದಾಪುರದಲ್ಲಿ ಕಂಪ್ಯೂಟರ್ ಮುಂದೆ ಕೂರಲು ಬಂದರೆ ಸಾಕು, ಕೆಲಸ ಸಿಗುತ್ತಿತ್ತು. ಪ್ರಾಣಿಶಾಸ್ತ್ರ ಓದಿದ ನನಗೂ ಸಿಕ್ಕಿತು. ವಿದೇಶದ ಶಾಲೆಗಳಿಗೆ ಪಾಠದ ಸಿ.ಡಿ. ಮಾಡಿಕೊಡುವ ಕಂಪನಿ. ನನ್ನ ಪಾಲಿಗೆ ಬಂದದ್ದು ನೀಲಿ ತಿಮಿಂಗಿಲ. ಬಾಗಲಕೋಟೆಯ ಶಾಕಾಹಾರಿ ಮನೆಯಲ್ಲಿ ಹುಟ್ಟಿ, ಹುಸೇನ್ ಸಾಗರದ ಕೆರೆಯನ್ನೇ ಸಮುದ್ರವೆಂದು ಒಪ್ಪಿಕೊಂಡಿದ್ದವಳಿಗೆ ಇದಕ್ಕಿಂತ ಯೋಗ್ಯ ವಿಷಯ ಇನ್ನೇನಿದ್ದೀತು?

ಗಾತ್ರ ಬರೆಯುವುದು ಸುಲಭವಾಯಿತು. ಮೂರು ಸಿಟಿ ಬಸ್ಸು ಸಾಲಾಗಿ ನಿಲ್ಲಿಸಿದಷ್ಟು ಉದ್ದ. ನಾಲಿಗೆಯೊಂದೇ ಆನೆಯಷ್ಟು ತೂಕ. ಇಷ್ಟು ದೊಡ್ಡದು ತಿನ್ನುವುದು ಮಾತ್ರ ಕ್ರಿಲ್ ಎಂಬ, ಸಿಗಡಿಯಂಥ ಕಿರುಬೆರಳುದ್ದದ ಜೀವಿ. ಬಾಯ್ತುಂಬ ನೀರು ಎಳೆದು, ಸೋಸಿ, ದಿನಕ್ಕೆ ಟನ್ನುಗಟ್ಟಲೆ.

ಚಿತ್ರ ಬರೆಯುತ್ತಿದ್ದವರು ಗದಗಿನವರೊಬ್ಬರು, ಮೊದಲು ಬಾಲಾನಗರದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಅವರೂ ಶಾಕಾಹಾರಿ. ಇಬ್ಬರದೂ ಆರು ತಿಂಗಳ ಪ್ರೊಬೇಷನ್. ತಪ್ಪಾದರೆ ಮನೆಯ ದಾರಿ.

"ಈ ಕ್ರಿಲ್ ಹ್ಯಾಂಗಿರ್ತೈತ್ರೀ ಮೇಡಂ?" ಎಂದು ಕೇಳಿದರು.

ಫೋಟೋ ಹುಡುಕಲು ಸೋಮಾರಿತನ ನನಗೆ. "ಕೆಂಪಗ, ಸಣ್ಣಗ, ಚೂರು ಡೊಂಕು," ಎಂದೆ. ಅವರು ಬರೆದು ತೋರಿಸಿದಾಗ "ಭಾಳ ಛಲೋ ಐತ್ರಿ" ಎಂದು ಒಪ್ಪಿಗೆಯನ್ನೂ ಕೊಟ್ಟೆ.

ಸಿ.ಡಿ.ಯನ್ನು ಮನೆಗೆ ತಂದು ಅವ್ವನಿಗೆ ತೋರಿಸಿದೆ. ಅವ್ವ ಕನ್ನಡಕ ಏರಿಸಿಕೊಂಡಳು.

"ಇದು ಬ್ಯಾಡಗಿ ಮೆಣಸಿನಕಾಯಿ ಅಲ್ಲೇನ? ತೊಟ್ಟು ಸುದ್ದಾ ಐತಿ."

"ನಿನಗೇನ ತಿಳೀತೈತಿ, ಸುಮ್ನಿರವಾ," ಎಂದೆ. ಅವ್ವನ ಮಾತನ್ನೇ ಮುಂದಿನ ವಾರ ವಿದೇಶದವರು ಬರೆದು ಕಳಿಸಿದರು.

ಮ್ಯಾನೇಜರು ಇಬ್ಬರನ್ನೂ ಕರೆಸಿ, ಹೀಗೆ ಬರೆಯಲು ಹೇಳಿದ್ದು ಯಾರೆಂದು ಹಿಂದಿಯಲ್ಲಿ ಕೇಳಿದರು. ಗದಗಿನವರು ನನ್ನ ಕಡೆ ನೋಡಲೇ ಇಲ್ಲ. "ತಪ್ಪು ನನ್ನದೇ ಸರ್," ಎಂದರು. ಬರೆದ ಕೈಯೇ ಬೋರ್ಡಿಗೆ ಜವಾಬ್ದಾರಿ ಎಂಬುದು ಅವರ ಹಳೆಯ ಕಸುಬಿನ ರೀತಿಯಂತೆ. ಹೊರಗೆ ಬಂದ ಮೇಲೆ ಅವರೇ ನನಗೆ ಸಮಾಧಾನ ಹೇಳಿದರು. ಆನೆ ತೂಕದ ನಾಲಿಗೆಯ ಬಗ್ಗೆ ಎರಡು ಪುಟ ಬರೆದವಳು ನಾನು. ನನ್ನ ನಾಲ್ಕು ತೊಲ ತೂಕದ ನಾಲಿಗೆ ಆ ಕೋಣೆಯಲ್ಲಿ ಅಲ್ಲಾಡಲಿಲ್ಲ. ಇವತ್ತಿಗೂ ನಾಚಿಕೆಯಾಗುತ್ತದೆ.

ತಿಂಗಳ ಕೊನೆಗೆ ಅವರು ಬಾಲಾನಗರಕ್ಕೆ ಮರಳಿದರು. ನನ್ನ ಕೆಲಸ ಖಾಯಂ ಆಯಿತು. ಮಾಹಿತಿಯಲ್ಲಿ ಒಂದೂ ತಪ್ಪಿಲ್ಲವೆಂದು ಹೊಗಳಿಕೆಯೂ ಬಂತು.

ಅಂದು ಸಂಜೆ ಕೊಂಡಾಪುರದ ಮನೆಗೆ ಪೇಡೆ ತಂದೆ. ಅವ್ವ ದೇವರ ಮುಂದಿಟ್ಟು, ಒಂದನ್ನು ತೆಗೆದುಕೊಂಡು ಕೇಳಿದಳು: "ಚಿತ್ರ ಬರದಾರಲ್ಲ, ಅವರಿಗೂ ಕೊಟ್ಟೀಯೇನವಾ?"

"ಅವರು ಕೆಲಸಾ ಬಿಟ್ರು."

"ಬಿಟ್ರೋ, ಬಿಡಿಸಿದ್ರೋ?"

ನಾನು ಇಡೀ ಪೇಡೆಯನ್ನು ಒಮ್ಮೆಲೇ ಬಾಯಿಗೆ ಹಾಕಿಕೊಂಡೆ. ಬಾಯಿ ತುಂಬಿದವಳನ್ನು ಯಾರೂ ಉತ್ತರ ಕೇಳುವುದಿಲ್ಲ.

ಅವ್ವ ತನ್ನ ಕೈಯಲ್ಲಿದ್ದ ಪೇಡೆಯನ್ನು ಮರಳಿ ಡಬ್ಬಿಯೊಳಗಿಟ್ಟಳು.